ಹೌದೆನ್ನುವ ಭೈರವ

ಚಿಕ್ಕೋಡಿಯಿಂದ ಅಥಣಿ ದಾಟಿ ತೆಲಸಂಗದವರೆಗೆ ಎಲ್ಲೇ ಕರಿಕಲ್ಲಿನ ಹಳೇ ಗುಡಿ ಕಂಡರೂ ಅದನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆನ್ನುವುದು ನಮ್ಮ ಕಡೆಯ ಪದ್ಧತಿ. ವನವಾಸದಲ್ಲಿ ಅವರಿಗೆ ಬೇರೆ ಉದ್ಯೋಗವಿರಲಿಲ್ಲವೆಂದು ತೋರುತ್ತದೆ. ರಾಯಬಾಗದ ಹತ್ತಿರದ ನಮ್ಮೂರ ಭೈರವನ ಗುಡಿಯೂ ಅವರದೇ ಕೆಲಸ. ಅಲ್ಲೊಂದು ಶಾಸನವಿತ್ತು, ಓದಲು ಬಾರದ್ದರಿಂದ ಅದಕ್ಕೂ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆವು.

ಭೈರವನ ಮಹಿಮೆಯೆಲ್ಲ ಹೂ ಕೇಳುವುದರಲ್ಲಿತ್ತು. ಪೂಜಾರಿ ಸೇವಂತಿಗೆಯ ಪಕಳೆಗಳನ್ನು ನೀರಿನಲ್ಲಿ ಅದ್ದಿ, ಮೊದಲು ದೇವರ ಬಲಭುಜಕ್ಕೆ, ಆಮೇಲೆ ಎಡಭುಜಕ್ಕೆ ಅಂಟಿಸುತ್ತಿದ್ದ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಒರಟು ಕಲ್ಲು, ಪಕಳೆ ಗಟ್ಟಿಯಾಗಿ ಕೂರುತ್ತಿತ್ತು. ಕೇಳಲು ಬಂದವರು ತಾಸುಗಟ್ಟಲೆ ಕಂಬಕ್ಕೊರಗಿ ಎಲೆ-ಅಡಿಕೆ ಮೆಲ್ಲುತ್ತ ಕಾಯುವರು. ಅಷ್ಟರಲ್ಲಿ ಎಷ್ಟೋ ಮಂದಿಗೆ ಬುದ್ಧಿ ತಾನಾಗಿಯೇ ಬರುತ್ತಿತ್ತು. ಭೈರವ ಸುಲಭಕ್ಕೆ ಒಪ್ಪುವವನಲ್ಲ. ಅವನ ‘ಬೇಡ’ಕ್ಕೆ ಮೀರಜದವರೆಗೂ ಬೆಲೆಯಿತ್ತು.

ತೊಂಬತ್ತರ ಸುಮಾರಿಗೆ ನಮ್ಮ ತಾಲೂಕುಗಳಲ್ಲಿ ಜೀರ್ಣೋದ್ಧಾರವೆಂಬ ಬೇನೆ ಹಬ್ಬಿತು. ಪಾಂಡವರು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಲು ನಮ್ಮೂರಲ್ಲೂ ಕಮಿಟಿಯಾಯಿತು. ಅಧ್ಯಕ್ಷರು ನಮ್ಮ ಅಪ್ಪ. ಗೋಡೆಗೆ ಟೈಲ್ಸ್ ಬಂತು, ಶಾಸನ ಅದರ ಹಿಂದೆ ಹೋಯಿತು. ಇಷ್ಟೆಲ್ಲದರ ನಡುವೆ ದೇವರೊಬ್ಬನೇ ಹಳಬನಾಗಿ ಕಾಣುತ್ತಾನೆಂದು ಅಪ್ಪ ನಿಪ್ಪಾಣಿಯಿಂದ ಆಯಿಲ್ ಪೇಂಟ್ ತರಿಸಿ ಅವನಿಗೂ ಹೊಡೆಸಿದರು. ಭೈರವ ಕಾರಹುಣ್ಣಿಮೆಯ ಎತ್ತಿನ ಕೊಂಬಿನಂತೆ ಮಿಂಚತೊಡಗಿದ.

ಮಿಂಚಿದ ಮೇಲೆ ಅವನ ಸ್ವಭಾವವೇ ಬದಲಾಯಿತು. ಪೇಂಟಿನ ಮೇಲೆ ಪಕಳೆ ನಿಲ್ಲದು. ಬಲಕ್ಕೆ ಮೊದಲು ಹಚ್ಚುವುದು ಸಂಪ್ರದಾಯ. ಪೂಜಾರಿಯ ಕೈ ಎಡಕ್ಕೆ ಹೋಗುವಷ್ಟರಲ್ಲಿ ಬಲದ್ದು ಜಾರಿ ಪೀಠದ ಮೇಲಿರುತ್ತಿತ್ತು. ಬಾವಿ ತೋಡಲೆ? ಹೌದು. ಅಣ್ಣತಮ್ಮಂದಿರು ಬೇರೆಯಾಗಲೆ? ಹೌದು. ಇಷ್ಟು ಜಾಗೃತ ದೇವರು ಎಲ್ಲೂ ಇಲ್ಲವೆಂದು ಅಮಾವಾಸ್ಯೆಗೆ ಕೊಲ್ಲಾಪುರದ ಕಡೆಯವರೂ ಬರತೊಡಗಿದರು. ಕಾರಣ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಪಕಳೆ ಜಾರುವುದು ಪೇಂಟಿನಿಂದ ಎನ್ನುವ ಬಾಯಿ ಮಾತ್ರ ಊರಲ್ಲಿರಲಿಲ್ಲ.

ಅದೇ ವರ್ಷ ನನ್ನ ತಂಗಿಗೆ ಬೋರಗಾಂವದ ಸಂಬಂಧ ಬಂತು. ಪಾವರ್‌ಲೂಮಿನ ಮನೆ. ಹುಡುಗನಿಗೆ ಕುಡಿತ, ಬಾಯಿಗಿಂತ ಕೈ ಮುಂದು. ತಂಗಿ ಒಲ್ಲೆನೆಂದಳು. ಅಪ್ಪ ಆಗಲೇ ಸಂತೆಯಲ್ಲಿ ನಾಲ್ಕು ಮಂದಿಯೆದುರು ಮಾತು ಕೊಟ್ಟು ಬಂದಿದ್ದರು.

“ನಿಂದೂ ಬ್ಯಾಡ, ನಂದೂ ಬ್ಯಾಡ. ದೇವ್ರನ್ನ ಕೇಳೂಣು,” ಎಂದರು.

ಮೂವರೂ ಗುಡಿಗೆ ಹೋದೆವು. ಪೂಜಾರಿ ಬಲಕ್ಕೆ ಹಚ್ಚಿದ. ಬಿತ್ತು.

“ಆತ್ರಿ ಯಜಮಾನ್ರ, ಅಪ್ಪಣಿ ಆತು.”

“ತಡೀರಿ ಕಾಕಾ,” ಅಂದಳು ತಂಗಿ. “ಈಗ ಹಿಂಗ ಕೇಳ್ರಿ: ಈ ಸಂಬಂಧ ಮುರೀಲೇನು ಅಂತ.”

ಪೂಜಾರಿ ಅಪ್ಪನ ಮುಖ ನೋಡಿದ. ಅವನು ನೋಡುತ್ತಿರುವಾಗಲೇ ತಂಗಿ ಗರ್ಭಗುಡಿಯ ಹೊಸ್ತಿಲು ದಾಟಿ ತಾನೇ ಪಕಳೆ ಅದ್ದಿ ಬಲಭುಜಕ್ಕೆ ಹಚ್ಚಿದಳು. ಬಿತ್ತು.

“ನೋಡ್ರಿ, ಮುರಿ ಅಂದಾನ!”

“ದೇವ್ರ ಮುಂದ ವಕೀಲಕಿ ಮಾಡ್ತಿ ಏನಬೇ? ಹೊರಗ ಬಾ!” ಅಪ್ಪ ಗುಡುಗಿದರು.

“ಎರಡ ಸಲ ಕೇಳಬಾರದ ತಂಗೆವ್ವಾ. ಮೊದಲ ಕೇಳಿದ್ದ ಖರೆ,” ಎಂದ ಪೂಜಾರಿ, ನೆಲ ನೋಡುತ್ತ.

ಹೆಣ್ಣುಮಗಳು ಮುಟ್ಟಿದ್ದಕ್ಕೆ ಮರುದಿನ ದೇವರಿಗೆ ಶುದ್ಧಿಯಾಯಿತು. ಆ ತಿಂಗಳೇ ಲಗ್ನವೂ ಆಯಿತು.

ಮುಂದಿನ ನಾಗರಪಂಚಮಿಗೆ ತವರಿಗೆ ಬಂದ ತಂಗಿ, ಹಬ್ಬ ಮುಗಿದು ಉಂಡಿ ಖಾಲಿಯಾದರೂ ಹೋಗಲಿಲ್ಲ. ಮುಂಗೈ ಮೇಲಿನ ಸುಟ್ಟ ಕಲೆ ತೋರಿಸಿ, “ನಾ ಇಲ್ಲೇ ಇರ್ತೀನ್ರಿ ಅಪ್ಪಾ,” ಅಂದಳು. ಬೋರಗಾಂವದಿಂದ ಕಳಿಸಿರೆಂದು ಮಾತಿನ ಮೇಲೆ ಮಾತು ಬಂತು. ಕೊನೆಗೆ ಅಪ್ಪ ಮತ್ತೆ ಗುಡಿಗೆ ಹೊರಟರು.

ಆ ಪೇಂಟಿನ ಗುಣ ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ‘ಮಗಳನ್ನು ಇಟ್ಟುಕೊಳ್ಳಲೇನಪ್ಪಾ’ ಎಂದು ಕೇಳಿದ್ದರೆ ಸಾಕಿತ್ತು. ಭೈರವ ಹೌದೆನ್ನುತ್ತಿದ್ದ, ಬೋರಗಾಂವದವರೂ ದೇವರ ಮಾತಿಗೆ ಎದುರಾಡುತ್ತಿರಲಿಲ್ಲ. ಹೊಸ್ತಿಲಾಚೆ ನಿಂತ ತಂಗಿ ದೇವರತ್ತ ನೋಡಲೇ ಇಲ್ಲ. ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು.

ಅಪ್ಪ ಕೈ ಜೋಡಿಸಿ, ಭಕ್ತಿಯಿಂದ ಕಣ್ಣು ಮುಚ್ಚಿ ಕೇಳಿದರು: “ಹೊಳ್ಳಿ ಗಂಡನ ಮನಿಗೆ ಕಳಸಲೇನಪ್ಪಾ?”

ಪೂಜಾರಿ ಇನ್ನೂ ಪಕಳೆಯನ್ನು ನೀರಿಗೆ ಅದ್ದುತ್ತಿದ್ದ. ತಂಗಿ ಆಗಲೇ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.