ಮುಂಬಯಿಗೆ ಹೋಗಿ ಮುಯ್ಯಿ ತೀರಿಸಿದ ಬೋರವ್ವ

ಸೂರ್ಯ ಮೂಡಲು ಇನ್ನೂ ಹೊತ್ತಿದೆ. ಗುಡ್ಡದಹಾಳದ ಓಣಿಯಲ್ಲಿ ಬೋರವ್ವ ಕರಿ ಕಂಬಳಿ ಹೊದ್ದು ಮನೆಯಿಂದ ಮನೆಗೆ ನಡೆಯುತ್ತಿದ್ದಾರೆ. ಬಾಗಿಲು ಬಡಿಯುವುದಿಲ್ಲ, ಹೆಸರು ಹಿಡಿದು ಒಂದೇ ಸಲ ಕೂಗುತ್ತಾರೆ. ಎರಡನೆಯ ಸಲ ಕೂಗಿಸಿಕೊಳ್ಳುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇದ್ದಂತಿಲ್ಲ. ಇವತ್ತು ಸತ್ಯವ್ವನ ಹೊಲದಲ್ಲಿ ಕಡಲೆ ಕೀಳಬೇಕು. ಇಬ್ಬನಿ ಆರುವ ಮೊದಲೇ ಕಿತ್ತರೆ ಕಾಯಿ ಉದುರುವುದಿಲ್ಲ. ಅರ್ಧ ತಾಸಿನಲ್ಲಿ ಹದಿನಾಲ್ಕು ಹೆಂಗಸರು ಅವರ ಹಿಂದೆ ಹೊರಟಿದ್ದಾರೆ. ಕಣ್ಣುಜ್ಜಿಕೊಳ್ಳುತ್ತ ನಾನೂ ಹಿಂಬಾಲಿಸುತ್ತೇನೆ.

ಅಮೀನಗಡದಲ್ಲಿ ಬಸ್ಸಿಳಿದು ಐಹೊಳೆಯ ದಾರಿ ಹಿಡಿದು ಒಂದು ತಾಸು ನಡೆದರೆ ಸಿಗುವ ಊರಿದು. ಇಲ್ಲಿ ಕೂಲಿ ಕೊಟ್ಟು ಆಳು ಕರೆಯುವವರು ಕಡಿಮೆ. ಒಕ್ಕಲುತನ ನಡೆಯುವುದೇ ಮುಯ್ಯಿಯ ಮೇಲೆ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕರೆದವರು ಮಧ್ಯಾಹ್ನದ ಊಟ ಹಾಕಬೇಕು, ಅಷ್ಟೆ. ಪಡೆದ ಮುಯ್ಯಿ ತೀರಿಸದವರು ಮತ್ತೊಮ್ಮೆ ಯಾರನ್ನೂ ಕರೆಯುವಂತಿಲ್ಲ. ಇಪ್ಪತ್ತೆರಡು ಮನೆಗಳಲ್ಲಿ ಯಾರು ಯಾರ ಹೊಲಕ್ಕೆ ಯಾವ ದಿನ ಹೋಗಬೇಕು ಎಂಬುದೆಲ್ಲ ಅಕ್ಷರ ಬಾರದ ಬೋರವ್ವನ ತಲೆಯಲ್ಲಿದೆ. ಇದಕ್ಕೆ ಅವರಿಗೆ ಸಂಬಳವಿಲ್ಲ, ಹುದ್ದೆಯ ಹೆಸರಿಲ್ಲ, ಬಿಡುವಂತೂ ಇಲ್ಲವೇ ಇಲ್ಲ.

ಗಂಡ ಹುಲ್ಲಪ್ಪ ತೀರಿಹೋದಾಗ ಬೋರವ್ವನಿಗೆ ಇಪ್ಪತ್ತಾರು. ಎರಡು ಹೆಣ್ಣು ಕೂಸು, ಮೂರು ಎಕರೆ ಎರೆಹೊಲ, ಆರು ಕುರಿ. ಆ ವರ್ಷ ಬಿತ್ತನೆಗೆ ಊರಿನ ಹೆಂಗಸರು ಬಂದು ನಿಂತರು. ಮೊಲೆ ಬಿಡದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅವರು ಒಬ್ಬೊಬ್ಬರ ಹೊಲಕ್ಕೂ ಹೋಗಿ ದುಡಿದು ತೀರಿಸಿದರು. ಯಾರೂ ಕನಿಕರದಿಂದ ಮಾಡಿದೆವು ಎನ್ನದಂತೆ ಬದುಕಿದ್ದೇನೆ ಎನ್ನುವಾಗ ಅವರ ದನಿ ಸ್ವಲ್ಪ ಗಡುಸಾಗುತ್ತದೆ.

ಇಂಥವರ ಊರಿಗೆ ೧೯೭೬ರ ಡಿಸೆಂಬರಿನಲ್ಲಿ ಮುಂಬಯಿಯ ಒಂದು ಕ್ಯಾಥೊಲಿಕ್ ಪ್ರೌಢಶಾಲೆಯ ಮೂವತ್ತು ಮಕ್ಕಳು ಬಂದಿಳಿದರು. ಜೊತೆಗೆ ಸಿಸ್ಟರ್ ಅನ್ಸೆಲ್ಮಾ. ಹತ್ತು ದಿನದ ಸೇವಾ ಶಿಬಿರ. ಹಳ್ಳಿಯ ಬದುಕು ನೋಡುವುದು, ಹಾಡು ಕಲಿಯುವುದು, ಶ್ರಮದಾನ ಮಾಡುವುದು. ತೊಂದರೆ ಏನೆಂದರೆ ಕ್ರಿಸ್ಮಸ್ ರಜೆಯಲ್ಲಿ ಗುಡ್ಡದಹಾಳದಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಜೋಳ ಇನ್ನೂ ನಿಂತಿರುತ್ತದೆ. ಆದರೂ ಬಂದ ಮಕ್ಕಳನ್ನು ಸುಮ್ಮನೆ ಕೂರಿಸಲಾದೀತೆ? ಊರ ಸಾಲೆಗೆ ಸುಣ್ಣ ಬಳಿಸಿದರು. ಮರುವರ್ಷವೂ ಬಳಿಸಿದರು. ಐದು ವರ್ಷ ಬಿಡದೆ ಸುಣ್ಣ ಕಂಡ ಸಾಲೆ ಹುನಗುಂದ ತಾಲೂಕಿನಲ್ಲಿ ಇದೊಂದೇ ಇರಬೇಕು. ಉಳಿದ ದಿನ ಊರವರ ಹೊಲಗಳಲ್ಲಿ ಮಣ್ಣು ಕೊಚ್ಚದಂತೆ ಕಲ್ಲಿನ ವಡ್ಡು ಕಟ್ಟಿಸಿದರು.

ತಲೆಯ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊರುವುದು, ಕೈ ಬೊಬ್ಬೆ ಏಳದಂತೆ ಸಲಿಕೆ ಹಿಡಿಯುವುದು, ಹೊಲದ ವಡ್ಡಿಗೆ ಕಲ್ಲು ಕೂರಿಸುವುದು, ಎಲ್ಲವನ್ನೂ ಕಲಿಸಿದವರು ಬೋರವ್ವ. ಭಾಷೆ ಅಡ್ಡ ಬಂದಾಗ ಊರ ಸಾಲೆಯ ಪಂಢರೀನಾಥ ಮಾಸ್ತರು ಮರಾಠಿಯಲ್ಲಿ ಸಿಸ್ಟರಿಗೆ, ಕನ್ನಡದಲ್ಲಿ ಬೋರವ್ವನಿಗೆ ಹೇಳುತ್ತಿದ್ದರು. ಮೊದಲ ಶಿಬಿರ ಮುಗಿದು ಮಕ್ಕಳು ಬಸ್ಸು ಹತ್ತುವಾಗ ಬೋರವ್ವ ಸಿಸ್ಟರನ್ನು ಕೇಳಿದ್ದು ಒಂದೇ ಮಾತು: ನಾವು ಯಾವಾಗ ಬರೋಣ? ಮುಂಬಯಿ ನೋಡುವ ಆಸೆ ಇರಬೇಕೆಂದುಕೊಂಡ ಸಿಸ್ಟರ್, ಯಾವಾಗ ಬೇಕಾದರೂ ಬನ್ನಿ ಎಂದು ನಕ್ಕು ಹೊರಟುಹೋದರು.

ಬೋರವ್ವ ಅದನ್ನು ನಗೆಮಾತು ಎಂದುಕೊಳ್ಳಲಿಲ್ಲ. ಸುಗ್ಗಿ ಮುಗಿಯುತ್ತಲೇ ಏಳು ಮಂದಿಯನ್ನು ಗೊತ್ತುಮಾಡಿ, ಮುಂಬಯಿಯಿಂದ ಕರೆ ಬರುವುದನ್ನು ಕಾಯುತ್ತ ಕುಳಿತರು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಬಂದದ್ದು ಕರೆಯಲ್ಲ, ಡಿಸೆಂಬರಿನಲ್ಲಿ ಮತ್ತೆ ಮೂವತ್ತು ಮಕ್ಕಳು.

"ಮೊದಲಿಂದು ತೀರಿಸಿಲ್ಲ, ಅದರ ಮ್ಯಾಲ ಮತ್ತೊಂದು ಹ್ಯಾಂಗ ಹೊರೂದ್ರಿ? ರಾತ್ರಿ ನಿದ್ದಿ ಹತ್ತಲಿಲ್ಲ ನಂಗ" ಎನ್ನುತ್ತಾರೆ.

ಇದು ಸೇವೆ, ತಿರುಗಿ ಕೊಡಬೇಕಿಲ್ಲ ಎಂದು ಸಿಸ್ಟರ್ ಮಾಸ್ತರ ಬಾಯಲ್ಲಿ ಹೇಳಿಸಿದರು. ಅದಕ್ಕೆ ಬೋರವ್ವ ಕೊಟ್ಟ ಉತ್ತರವನ್ನು ಮಾಸ್ತರು ಇವತ್ತಿಗೂ ಮರೆತಿಲ್ಲ. "ಸೇವಾ ಬೀರಪ್ಪಗ ಮಾಡೂದ್ರಿ ಅಕ್ಕೋರ. ನಾವೇನ್ ದೇವರಲ್ಲ. ಹುಡುಗ್ರು ನಮಗ ಮಾಡಿದ್ದು ಕೆಲಸ."

ಆ ಮಾತನ್ನು ಮರಾಠಿಗೆ ತಿರುಗಿಸದೆ ನುಂಗಿಕೊಂಡೆ ಎಂದು ಮಾಸ್ತರು ಈಗ ಒಪ್ಪಿಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ಬೇಸರವಾದೀತೆಂಬ ಅಂಜಿಕೆ. ಹೀಗಾಗಿ ಸಿಸ್ಟರಿಗೆ ವರ್ಷಗಟ್ಟಲೆ ವಿಷಯವೇ ತಿಳಿಯಲಿಲ್ಲ. ಒಮ್ಮೆ ಕಂಬಳಿ ಕೊಟ್ಟು ಕಳಿಸಿದರಾಯಿತು ಎಂದು ಮಾಸ್ತರೇ ಸಲಹೆ ಕೊಟ್ಟಾಗ ಬೋರವ್ವ ಅವರೊಡನೆ ನಾಲ್ಕು ದಿನ ಮಾತು ಬಿಟ್ಟರಂತೆ. ದುಡಿಮೆಗೆ ದುಡಿಮೆಯೇ ಮುಯ್ಯಿ, ಕಂಬಳಿ ಹೇಗಾದೀತು? ಅತ್ತ ಪಕ್ಕದ ಊರಿನವರು ಬಿಡುತ್ತಾರೆಯೇ, ಸಂತೆಯಲ್ಲಿ ಸಿಕ್ಕಾಗಲೆಲ್ಲ ಪರವೂರ ಕೂಸುಗಳ ಕೈಯಲ್ಲಿ ಬಿಟ್ಟಿ ದುಡಿಸಿಕೊಂಡವರು ಎಂದು ಚುಚ್ಚುತ್ತಿದ್ದರು. ಮನೆ ಮನೆಗೆ ಹೋಗಿ ಇನ್ನೊಬ್ಬರಿಗೆ ಮುಯ್ಯಿ ನೆನಪಿಸುವ ಹೆಂಗಸಿಗೆ ಅದು ಎಷ್ಟು ತಾಗಿರಬೇಕು.

ಎಂಟನೆಯ ಶಿಬಿರದಲ್ಲಿ, ೧೯೮೩ರಲ್ಲಿ, ಚಹಾ ಕುಡಿಯುತ್ತ ಸಿಸ್ಟರ್ ತಮ್ಮ ಕಷ್ಟ ಹೇಳಿಕೊಂಡರು. ಶಾಲೆ ಗುಡ್ಡದ ಬುಡದಲ್ಲಿದೆ, ಪ್ರತಿ ಮಳೆಗಾಲ ಮಣ್ಣು ಕೊಚ್ಚಿಕೊಂಡು ತರಗತಿಯೊಳಗೆ ಬರುತ್ತದೆ. ಬೋರವ್ವ ಚಹಾದ ಕಪ್ಪು-ಬಸಿ ಕೆಳಗಿಟ್ಟರು. ಅಲ್ಲಿ ಕಲ್ಲು ಸಿಗುತ್ತದೆಯೇ ಎಂದು ಕೇಳಿದರು. ಈ ಸಲ ಮಾಸ್ತರು ಏನನ್ನೂ ನುಂಗದೆ, ಆರು ವರ್ಷ ಮುಚ್ಚಿಟ್ಟಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿಬಿಟ್ಟರು. ಅದಕ್ಕೆ ಸಿಸ್ಟರ್, ಏಪ್ರಿಲಿಗೆ ಬನ್ನಿ, ನನಗೆ ಕೆಲಸ ಇದೆ ಎಂದರು.

ಏಪ್ರಿಲಿನಲ್ಲಿ ಏಳು ಮಂದಿ ಬಾಗಲಕೋಟೆಯಿಂದ ರೈಲು ಹತ್ತಿ ಸೊಲ್ಲಾಪುರದಲ್ಲಿ ಬದಲಿಸಿ ಮುಂಬಯಿ ಮುಟ್ಟಿದರು. ರಜೆಯಿದ್ದರೂ, ಹಿಂದೆ ಗುಡ್ಡದಹಾಳದ ಶಿಬಿರಕ್ಕೆ ಬಂದಿದ್ದ ಇಪ್ಪತ್ತು ಮಕ್ಕಳು ಕಲ್ಲು ಹೊರಲು ಬಂದವು. ಹತ್ತು ದಿನದಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಮೂರು ವಡ್ಡು ಎದ್ದವು. ಅನ್ನ ಮೀನಿನ ಊಟಕ್ಕೆ ಮೈಯಲ್ಲಿ ಕಸುವು ನಿಲ್ಲುತ್ತಿಲ್ಲವೆಂದು ಮೂರನೆಯ ದಿನವೇ ಏಳು ಮಂದಿಯಲ್ಲೊಬ್ಬರಾದ ಸುಂದರವ್ವ ಅಡುಗೆಮನೆ ಹೊಕ್ಕು ರೊಟ್ಟಿ ಬಡಿಯತೊಡಗಿದರಂತೆ. ಕೊನೆಯ ದಿನ ಹಾರ ತಂದಾಗ ಬೋರವ್ವ ಕೊರಳು ಕೊಡಲಿಲ್ಲ. ಸಮುದ್ರ ನೋಡಿದಿರಾ ಎಂದು ನಾನು ಕೇಳಿದರೆ, ನೋಡಿದೆ, ಉಪ್ಪುನೀರು, ಹೊಲಕ್ಕೆ ಬರುವುದಿಲ್ಲ ಎಂದರು.

ಎಂಟು ವರ್ಷದ್ದು ಹತ್ತೇ ದಿನದಲ್ಲಿ ತೀರಿತೇ ಎಂದೂ ಕೇಳಿದೆ. ಇಲ್ಲಿ ಮಕ್ಕಳು ಕಟ್ಟಿದ ವಡ್ಡುಗಳಲ್ಲಿ ಅರ್ಧದಷ್ಟನ್ನು ಬಿಚ್ಚಿ ನಾನೇ ಮತ್ತೆ ಕಟ್ಟಿದ್ದೇನಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂದು ಬೋರವ್ವ ಮೊದಲ ಸಲ ಬಾಯಿತುಂಬ ನಕ್ಕರು. ಆ ಮಳೆಗಾಲ ತರಗತಿಗೆ ಮಣ್ಣು ಬರಲಿಲ್ಲ ಎಂದು ಸಿಸ್ಟರ್ ಬರೆದಿದ್ದಾರೆ.

ಅದಾದ ಮೇಲಿನ ಈ ಮೊದಲ ಡಿಸೆಂಬರಿನಲ್ಲಿ ಮಕ್ಕಳು ಬರಲಿಲ್ಲ. ಮೊನ್ನೆ ಸಿಸ್ಟರ್ ಅವರ ಕಾಗದ ಬಂದಿದೆ: ರಜೆ ಇದ್ದಾಗ ಅಲ್ಲ, ನಿಮಗೆ ಕೆಲಸ ಇದ್ದಾಗ ಬರುತ್ತೇವೆ, ಯಾವಾಗ ಬರೋಣ, ಯಾರ ಹೊಲಕ್ಕೆ? ಕಡಲೆ ಕಿತ್ತು ಬದುವಿನ ಮೇಲೆ ಊಟಕ್ಕೆ ಕುಳಿತಾಗ ಮಾಸ್ತರು ಅದನ್ನು ಇನ್ನೊಮ್ಮೆ ಓದಿ, ಏನು ಬರೆಯಲಿ ಎಂದು ಕೇಳುತ್ತಾರೆ. ಬೋರವ್ವ ಕೈಯ ರೊಟ್ಟಿ ಕೆಳಗಿಡುತ್ತಾರೆ.

"ಶಿವರಾತ್ರಿ ಮುಂದ ಜೋಳ ಕೀಳ್ತೇವಿ, ಆವಾಗ ಬರ್ರಿ ಅಂತ ಬರೀರಿ ಮಾಸ್ತರ. ಎಂಟು ವರ್ಷ ಆ ಹುಡುಗ್ರು ಮಂದಿ ಹೊಲಕ್ಕೆಲ್ಲಾ ಹೋದ್ರು, ನನ್ನ ಹೊಲಕ್ಕ ಬರ್ರಿ ಅನ್ನಾಕ ನಂಗ ಬಾಯಿ ಇರ್ಲಿಲ್ಲ. ಈಗ ಬೋರವ್ವನ ಹೊಲಕ್ಕ ಅಂತ ಬರೀರಿ."