ಮೈಕಕ್ಕ ಓದಿದ ಐದನೇ ಹುದ್ದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಆಡಳಿತ ಕಚೇರಿಯಲ್ಲಿ ಮೆಟ್ಟಿಲಿನ ಕೆಳಗೊಂದು ಇಕ್ಕಟ್ಟಾದ ಕೋಣೆ. ಅಲ್ಲಿ ಹೆಂಗಸೊಬ್ಬರು ಮೈಕಿನ ತಲೆಗೆ ಹಾಕಿದ ಸ್ಪಂಜಿನ ಟೋಪಿಯನ್ನು ಮೆಲ್ಲಗೆ ಬಿಚ್ಚುತ್ತಾರೆ. ಮಗ್ಗಿನ ನೀರಿಗೆ ಚೂರು ಸೋಪು ಕದಡಿ ಅದನ್ನು ತೊಳೆಯುತ್ತಾರೆ. ಹಿಂಡಿದರೆ ಆಕಾರ ಕೆಡುತ್ತದೆಂದು ಟವೆಲಿನ ಮಡಿಕೆಯಲ್ಲಿಟ್ಟು ಒತ್ತುತ್ತಾರೆ. ಕಿಟಕಿಯ ಸರಳಿಗೆ ಅದನ್ನು ಸಿಕ್ಕಿಸಿ, ನಿನ್ನೆ ಒಣಗಿದ ಇನ್ನೊಂದನ್ನು ಮೈಕಿಗೆ ತೊಡಿಸುತ್ತಾರೆ. ಅಷ್ಟು ಹೊತ್ತೂ ಒಂದು ಮಾತಿಲ್ಲ. ಅವರ ಬಗ್ಗೆ ಬರೆಯಲೆಂದು ಬಂದು ಬಾಗಿಲಲ್ಲಿ ನಿಂತ ನನಗೆ ಕಣ್ಣಿನಲ್ಲೇ ಸ್ಟೂಲು ತೋರಿಸುತ್ತಾರೆ.

"ದಿನದ ಮೊದಲನೇ ಪ್ರಕಟಣೆ ಆಗೋವರೆಗೂ ನಾನು ಬಾಯಿ ಬಿಡಲ್ಲ," ಎಂದು ಆಮೇಲೆ ಹೇಳುತ್ತಾರೆ. "ಗಂಟಲು ಹಾಗೇ ಇರ್ಲಿ ಅಂತ. ಮನೇಲೂ ಅಷ್ಟೇ. ನಮ್ಮತ್ತೆಗೆ ಅದೇ ಖುಷಿ. ಇಡೀ ದಿನ ಹೀಗೇ ಇರಬಾರದಾ ಅಂತಾರೆ."

ಕಾಲೇಜಿನಲ್ಲಿ ಇವರ ಹೆಸರು ಮೈಕಕ್ಕ. ಪಾಠ ಹೇಳುವವರಿಗೂ ಕೇಳುವವರಿಗೂ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರಿಗೂ ಅದೇ ಹೆಸರು. ಪ್ರತಿ ಕೋಣೆಯ ಗೋಡೆಯ ಮೇಲೂ ಒಂದು ಸ್ಪೀಕರ್ ಪೆಟ್ಟಿಗೆಯಿದೆ, ಎಲ್ಲ ಪೆಟ್ಟಿಗೆಗಳಲ್ಲೂ ಇವರದೇ ದನಿಯಿದೆ. ಮುಖ ನೋಡಿದವರು ಮಾತ್ರ ಕಡಿಮೆ. ಮೆಟ್ಟಿಲಿನ ಕೆಳಗೆ ಯಾರಿಗೂ ಏನೂ ಕೆಲಸವಿರುವುದಿಲ್ಲ.

ಸಿಬ್ಬಂದಿ ಸಭೆ ಮೂರು ಗಂಟೆಯ ಬದಲು ನಾಲ್ಕಕ್ಕೆ ನಡೆಯುತ್ತದೆ. ರಸಾಯನಶಾಸ್ತ್ರದ ಮೇಷ್ಟರೊಬ್ಬರು ಕಾರಿನ ದೀಪ ಆರಿಸಲು ಮರೆತಿದ್ದಾರೆ. ಗ್ರಂಥಾಲಯದ ಹಿರಿಯ ನೌಕರರಿಗೆ ಇಂದು ಬೀಳ್ಕೊಡುಗೆ. ನಿವೃತ್ತರಾಗಿದ್ದ ಒಬ್ಬರು ನಿನ್ನೆ ತೀರಿಕೊಂಡಿದ್ದಾರೆ, ಎಲ್ಲರೂ ಎದ್ದು ನಿಲ್ಲಬೇಕು. ಚೀಟಿ ಕೈಗೆ ಬಂದ ಕೂಡಲೇ ಮೈಕಕ್ಕ ಅದನ್ನು ತುಟಿಯಲ್ಲೇ ಒಮ್ಮೆ ಓದಿಕೊಳ್ಳುತ್ತಾರೆ, ಒಂದು ಗುಟುಕು ನೀರು ಕುಡಿಯುತ್ತಾರೆ, ಆಮೇಲೆ ಗುಂಡಿ ಒತ್ತುತ್ತಾರೆ. ಕಾರಿನ ದೀಪಕ್ಕೂ ಸಾವಿಗೂ ದನಿ ಒಂದೇ.

"ತಡವಾಗಿ ಬರೋ ಸಿಬ್ಬಂದಿ ಮೇಲೆ ಶಿಸ್ತು ಕ್ರಮ ಅಂತ ಬರೆದು ಕಳಿಸ್ತಾರೆ. ಬೈಗುಳನ ನಾನು ಓದ್ತೀನಿ, ಆದ್ರೆ ಬೈಯಲ್ಲ. ಬೈಯೋದು ಬರೆದವರ ಕೆಲಸ. ಅವರು ಬೇಕಾದ್ರೆ ಕೆಳಗಿಳಿದು ಬಂದು ಬೈಲಿ."

ಇಷ್ಟೇ ಆಗಿದ್ದರೆ ಈ ಕೋಣೆಗೆ ಅಂಥ ಮಹತ್ವ ಇರುತ್ತಿರಲಿಲ್ಲ. ಕಾಲೇಜಿನ ಒಳಗೆ ವಿದ್ಯಾರ್ಥಿಗಳಿಗೆಂದೇ ಕೆಲವು ಕೆಲಸಗಳಿವೆ: ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವುದು, ಕಂಪ್ಯೂಟರ್ ಕೋಣೆ ಕಾಯುವುದು, ತೋಟಕ್ಕೆ ನೀರು ಬಿಡುವುದು. ಇವುಗಳಿಂದಲೇ ಓದು ಮುಂದುವರಿಸುವ ಮಕ್ಕಳಿದ್ದಾರೆ. ಹಿಂದೆ ಈ ಕೆಲಸಗಳು ಖಾಲಿಯಾದ ಸುದ್ದಿ ಕಚೇರಿಯವರ ಪರಿಚಯದ ಮಕ್ಕಳಿಗೆ ಮೊದಲು ತಿಳಿಯುತ್ತಿತ್ತು, ಉಳಿದವರಿಗೆ ಕೆಲಸ ತುಂಬಿದ ಮೇಲೆ. ಗಲಾಟೆಯಾಗಿ ಒಂದು ನಿಯಮ ಬಂತು. ಯಾವ ಹುದ್ದೆಯೇ ಇರಲಿ, ಸತತ ಮೂರು ದಿನ ಬೆಳಿಗ್ಗೆ, ಮೊದಲ ತರಗತಿಗೆ ಮುಂಚೆ, ಎಲ್ಲ ಬ್ಲಾಕುಗಳಿಗೂ ಕೇಳುವಂತೆ ಓದಬೇಕು. ಒಂದು ದಿನ ತಪ್ಪಿದರೂ ನೇಮಕವಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಒಂದು ವರ್ಷ ಮಳೆನೀರು ತಂತಿಯೊಳಗೆ ಇಳಿದು ಹಿಂದಿನ ಬ್ಲಾಕಿನ ಪೆಟ್ಟಿಗೆಗಳು ಸತ್ತಿದ್ದವು. ಕೆಳಗಿನ ಕೋಣೆಯಲ್ಲಿ ಕೂತವರಿಗೆ ಅದು ಗೊತ್ತಾಗಲಿಲ್ಲ. ದೂರು ಬಂತು, ನೇಮಕ ರದ್ದಾಯಿತು. ಅಷ್ಟರಲ್ಲಿ ಹುಡುಗಿಯೊಬ್ಬಳು ಪ್ರಯೋಗಾಲಯದಲ್ಲಿ ಕೆಲಸ ಶುರುಮಾಡಿಯೂ ಆಗಿತ್ತು.

"ಏಪ್ರನ್ ಮಡಿಸಿಟ್ಟು ಹೋದ್ಲು. ಆ ಸೆಮಿಸ್ಟರ್ ಮುಗಿಯೋ ಮುಂಚೆ ಕಾಲೇಜನ್ನೇ ಬಿಟ್ಲು," ಎನ್ನುತ್ತಾರೆ ಮೈಕಕ್ಕ. "ಅವತ್ತಿಂದ ಮೂರು ದಿನವೂ ಬೇಗ ಬಂದು ಎಲ್ಲಾ ಬ್ಲಾಕಿಗೆ ಹೋಗಿ ಪೆಟ್ಟಿಗೆಗೆ ಕಿವಿ ಕೊಟ್ಟು ಬರ್ತೀನಿ. ಗುರ್ ಅಂತಿದ್ರೆ ಜೀವ ಇದೆ ಅಂತ."

ಈ ಸಲ ಓದಬೇಕಾದ ಹುದ್ದೆಗಳು ಐದು, ಇಂದು ಮೂರರಲ್ಲಿ ಮೊದಲ ದಿನ. ಐದನೆಯದು ಅವರದೇ.

ಅದು ಹೀಗೆ. ಬಹಳ ವರ್ಷಗಳ ಹಿಂದೆ ಇದೇ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಅವರು ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದರು. ಬಾಗಿಲಲ್ಲಿ ನಿಂತು "ಸರ್, ಒಳಗೆ ಬರಬಹುದಾ" ಎಂದು ಕೇಳಿದ್ದೇ ತಡ, ಸಂದರ್ಶನಕ್ಕೆ ಕೂತಿದ್ದವರೊಬ್ಬರು, ಇವಳು ಗ್ರಂಥಾಲಯಕ್ಕೆ ಬೇಡ, ಮೈಕಿಗೆ ಕಳಿಸಿ ಎಂದರಂತೆ. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದರು. ಹಿಂದೆಯೇ ಮದುವೆಯಾಯಿತು. ತರಗತಿ ಬಿಟ್ಟುಹೋಯಿತು, ಮೈಕು ಬಿಡಲಿಲ್ಲ. 'ವಿದ್ಯಾರ್ಥಿ ಸಹಾಯಕಿ' ಎಂಬ ಹುದ್ದೆಯನ್ನು ಪ್ರತಿ ವರ್ಷ ಯಾರೋ ಒಬ್ಬರು ನವೀಕರಿಸುತ್ತ ಬಂದರು. ಯಾರೂ ತಲೆಯೆತ್ತಿ ನೋಡಲಿಲ್ಲ. ಈ ವರ್ಷ ತಪಾಸಣೆಗೆ ಬಂದವರು ನೋಡಿದರು. ವಿದ್ಯಾರ್ಥಿಗಳ ಹುದ್ದೆಯಲ್ಲಿ ನಲವತ್ತು ದಾಟಿದ ಹೆಂಗಸು ಏಕಿದ್ದಾರೆ ಎಂದು ಕೇಳಿದರು. ಕಚೇರಿಯವರು ಆ ಹುದ್ದೆಯನ್ನೂ ಖಾಲಿ ಹುದ್ದೆಗಳ ಪಟ್ಟಿಗೆ ಸೇರಿಸಿದರು.

"ಇಡೀ ಕಾಲೇಜಿಗೇ ಹಿರಿಯ ವಿದ್ಯಾರ್ಥಿನಿ ನೀನು," ಎಂದು ಕ್ಯಾಂಟೀನಿನವರು ಚಹಾ ಕೊಡುತ್ತ ರೇಗಿಸುತ್ತಾರೆ. "ಇನ್ನೂ ಪಾಸಾಗಿಲ್ವಲ್ಲಮ್ಮ!"

"ನಿನ್ನ ಚಹಾ ಕುಡಿದು ಕುಡಿದು ತಲೆ ಮಂಕಾಗಿದೆ, ಇನ್ನೆಲ್ಲಿ ಪಾಸಾಗೋದು," ಎನ್ನುತ್ತಾರೆ ಮೈಕಕ್ಕ. ಮೊದಲ ದಿನ ಅವರು ನಕ್ಕಿದ್ದು ಆಗ ಮಾತ್ರ.

ಗಂಡ ಮನೆಯಲ್ಲೇ ಹೊಲಿಗೆ ಮೆಷಿನು ಇಟ್ಟುಕೊಂಡಿದ್ದಾರೆ. ಕೆಲಸ ಇದ್ದಾಗ ಇದೆ, ಇಲ್ಲದಾಗ ಇಲ್ಲ. ತಪ್ಪದೆ ಬರುವ ಸಂಬಳ ಇವರದೊಂದೇ. ಅತ್ತೆಗೆ ಕಿವಿ ಮಂದ. ಸೊಸೆ ಕೆಲಸ ಕಳೆದುಕೊಳ್ಳುತ್ತಾಳೆ ಎಂಬುದನ್ನು ಅವರಿಗೆ ಹೇಳಲು ಗಂಡ ಹೆಂಡತಿ ಇಬ್ಬರೂ ಸೇರಿ ಕೂಗಬೇಕಾಯಿತು. ಪಕ್ಕದ ಮನೆಯವರಿಗೆ ಮೊದಲು ತಿಳಿಯಿತು. "ಅವರು ಬಂದು ಸಮಾಧಾನ ಹೇಳಿ ಹೋದ್ಮೇಲೆ ನಮ್ಮತ್ತೆ ಕೇಳ್ತಾರೆ, ಯಾರಿಗೇನಾಯ್ತು ಅಂತ."

ಎರಡನೇ ದಿನ ಬೆಳಿಗ್ಗೆಯೂ ಐದು ಹುದ್ದೆಗಳನ್ನು ಓದಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಕೋಣೆಯ ಕಿಟಕಿಗೆ ಒಬ್ಬ ಹುಡುಗಿ ಬರುತ್ತಾಳೆ. ಅರ್ಜಿ ಕೊಡುವುದು ಈ ಕಿಟಕಿಯಲ್ಲೇ. ಮೈಕಕ್ಕನ ಸಾಮಾನ್ಯ ಮಾತು ಮೈಕಿನ ಮಾತಿನಂತಿಲ್ಲ. ಅದು ತಗ್ಗಿನದು, ಅವಸರದ್ದು. ಹುಡುಗಿಗೆ ಗುರುತು ಸಿಗುವುದಿಲ್ಲ.

"ಆಂಟಿ, ಮೈಕಿನ ಕೆಲಸಕ್ಕೆ ಅರ್ಜಿ ಇಲ್ಲೇನಾ?"

"ಇಲ್ಲೇ. ಯಾವ ವರ್ಷ?"

"ಎರಡನೇದು. ಕೆಲಸ ಕಷ್ಟನಾ?"

"ನೆಗಡಿ ಆದಾಗ ಕಷ್ಟ."

"ಮೊದಲಿದ್ದೋರು ಬಿಟ್ಟು ಹೋದ್ರಾ?"

"ಇನ್ನೂ ಹೋಗಿಲ್ಲ."

"ಯಾಕೆ ಬಿಡ್ತಿದ್ದಾರೆ?"

"ವಯಸ್ಸಾಯ್ತಂತೆ."

"ಅಯ್ಯೋ ಪಾಪ. ಅಜ್ಜಿನಾ?"

"ಹೆಚ್ಚು ಕಡಿಮೆ," ಎಂದು ಮೈಕಕ್ಕ ಅರ್ಜಿ ಕೊಡುತ್ತಾರೆ. ಹಿಂದೆಯೇ ಒಂದು ಹಳೆಯ ಚೀಟಿಯನ್ನೂ ಚಾಚುತ್ತಾರೆ. "ಇದನ್ನ ಓದು ನೋಡೋಣ."

ಹುಡುಗಿ ಒಂದೇ ಉಸಿರಿಗೆ ಓದಿ ಮುಗಿಸುತ್ತಾಳೆ.

"ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿನ್ನ? ಒಂದು ಮಾತು ಮುಗಿದ್ಮೇಲೆ ನಿಲ್ಲು. ಬರ್ಕೊಳ್ಳೋರು ಬರ್ಕೊಳ್ಳಲಿ. ಮೈಕಿಗೆ ಬಾಯಿ ತೀರಾ ಹತ್ತಿರ ತರಬೇಡ, ಉಸಿರೇ ಕೇಳುತ್ತೆ, ಮಾತು ಕೇಳಲ್ಲ."

ಹುಡುಗಿ ಮತ್ತೆ ಓದುತ್ತಾಳೆ. ಈ ಸಲ ಪರವಾಗಿಲ್ಲ. ಅವಳು ಹೋದ ಮೇಲೆ ಮೈಕಕ್ಕ ಹಳೆಯ ಚೀಟಿಯನ್ನು ಮಡಿಸಿಡುತ್ತಾರೆ. "ದನಿ ಚೆನ್ನಾಗಿದೆ," ಎನ್ನುತ್ತಾರೆ. ಅದನ್ನು ಹೇಳಿದ ರೀತಿಯಲ್ಲಿ ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಇದ್ದರೂ ಹೊರಗಿನವರಿಗೆ ಕಾಣುವಂತಿಲ್ಲ.

ಮೂರನೇ ದಿನ ಕರೆಂಟಿಲ್ಲ.

ಬೀದಿಯಾಚೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮಧ್ಯಾಹ್ನದವರೆಗೆ ಆಸೆ ಇಟ್ಟುಕೊಳ್ಳಬೇಡಿ ಎಂದು ಎಲೆಕ್ಟ್ರಿಷಿಯನ್ ಹೇಳಿಹೋಗುತ್ತಾನೆ. ಕಾಲೇಜಿನ ಜನರೇಟರು ಪ್ರಯೋಗಾಲಯದ ಫ್ರಿಜ್ಜುಗಳಿಗೇ ಸಾಲದು. ಮೈಕಕ್ಕ ಗುಂಡಿ ಒತ್ತಿ ನೋಡುತ್ತಾರೆ. ಕೆಂಪು ದೀಪ ಹತ್ತುವುದಿಲ್ಲ. ಕಚೇರಿಯ ಸೂಪರಿಂಟೆಂಡೆಂಟ್ ಮೆಟ್ಟಿಲು ಇಳಿದು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಕೆಟ್ಟ ಮನುಷ್ಯರೇನಲ್ಲ. ಇಷ್ಟು ವರ್ಷ ನವೀಕರಿಸಿದವರಲ್ಲಿ ಅವರೂ ಒಬ್ಬರು.

"ಬಿಡಮ್ಮ. ಕರೆಂಟಿಲ್ಲದಿದ್ರೆ ನೀನೇನು ಮಾಡ್ತೀಯ? ಮುಂದಿನ ಸೆಮಿಸ್ಟರಿಗೆ ಹೊಸದಾಗಿ ಶುರು ಮಾಡೋಣ." ದನಿ ತಗ್ಗಿಸಿ ಸೇರಿಸುತ್ತಾರೆ, "ನಿಂಗೂ ಅಲ್ಲಿವರೆಗೆ ಕೆಲಸ ಉಳೀತಲ್ಲ."

ಮೈಕಕ್ಕ ಉತ್ತರ ಕೊಡುವುದಿಲ್ಲ. ಮೊದಲ ಪ್ರಕಟಣೆ ಇನ್ನೂ ಆಗಿಲ್ಲ, ಅವರು ಬಾಯಿ ಬಿಡುವ ಹೊತ್ತಲ್ಲ. ಸೂಪರಿಂಟೆಂಡೆಂಟ್ ಅದನ್ನು ಒಪ್ಪಿಗೆ ಎಂದುಕೊಂಡು ಮೇಲೆ ಹೋಗುತ್ತಾರೆ. ಇವರು ಸ್ಟೂಲಿನ ಮೇಲೆ ಕೂರುತ್ತಾರೆ. ಮೊದಲ ತರಗತಿಗೆ ಇನ್ನೂ ಹೊತ್ತಿದೆ. ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಆಮೇಲೆ ಎದ್ದು ಕ್ರೀಡಾ ಕೋಣೆಗೆ ಹೋಗಿ, ಓಟದ ಸ್ಪರ್ಧೆಗೆ ಬಳಸುವ ಕೈಮೈಕನ್ನು ತೆಗೆದುಕೊಂಡು ಬರುತ್ತಾರೆ. ಅದು ಬ್ಯಾಟರಿಯದು.

ಮುಂದಿನ ಬ್ಲಾಕಿನ ಅಂಗಳದಲ್ಲಿ ನಿಂತು ಮೊದಲ ಸಲ ಓದುತ್ತಾರೆ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುತ್ತವೆ.

"ಏ, ಮೈಕಕ್ಕ ಅಂದ್ರೆ ಇವರೇನಾ?"

"ನಾನು ಇನ್ನೂ ಎತ್ತರ ಇರ್ತಾರೆ ಅಂದ್ಕೊಂಡಿದ್ದೆ."

"ಸುಮ್ನಿರೋ, ಕೇಳಿಸ್ಲಿ."

ಅಲ್ಲಿಂದ ವಿಜ್ಞಾನದ ಬ್ಲಾಕು, ಅಲ್ಲಿಂದ ದಿಬ್ಬದ ಮೇಲಿರುವ ಹಿಂದಿನ ಬ್ಲಾಕು. ಅವರು ಓಡುವುದಿಲ್ಲ, ಓಡಿದರೆ ಓದುವಾಗ ಏದುಸಿರು ಬರುತ್ತದೆ. ಬೇಗ ಬೇಗ ನಡೆಯುತ್ತಾರೆ. ದಿಬ್ಬದ ಮೇಲೆ ನಿಂತು ಉಸಿರು ಹದಕ್ಕೆ ಬರುವವರೆಗೆ ಕಾಯುತ್ತಾರೆ. ಗ್ರಂಥಾಲಯ, ಪ್ರಯೋಗಾಲಯ, ಕಂಪ್ಯೂಟರ್ ಕೋಣೆ, ತೋಟ. ಪ್ರತಿ ಹುದ್ದೆಯ ನಂತರ ಬರೆದುಕೊಳ್ಳುವಷ್ಟು ಹೊತ್ತು ನಿಲ್ಲುತ್ತಾರೆ.

"ಐದನೆಯದು, ಪ್ರಕಟಣಾ ಕೋಣೆ. ಒಂದು ಹುದ್ದೆ. ಸ್ಪಷ್ಟವಾಗಿ ಓದಬಲ್ಲ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಶನಿವಾರ ಕೊನೆಯ ದಿನ."

ದನಿ ಉಳಿದ ನಾಲ್ಕಕ್ಕೆ ಇದ್ದಂತೆಯೇ ಇದೆ. ಎರಡನೇ ಮಹಡಿಯ ಕಿಟಕಿಯಲ್ಲಿ ನಿನ್ನೆಯ ಹುಡುಗಿ ನಿಂತಿದ್ದಾಳೆ. ಅವಳ ಕೈ ಬಾಯಿಯ ಮೇಲಿದೆ. ಮೈಕಕ್ಕ ಅವಳನ್ನು ನೋಡುತ್ತಾರೆ, ಗೋಣು ಹಾಕುತ್ತಾರೆ, ಇಳಿದು ಬರುತ್ತಾರೆ. ಆಗ ಮೊದಲ ತರಗತಿಯ ಗಂಟೆಯನ್ನು ಯಾರೋ ಕೈಯಿಂದ ಬಾರಿಸುತ್ತಾರೆ.

ಇಳಿಜಾರಿನಲ್ಲಿ ನಾನು ಕೇಳುತ್ತೇನೆ, ಯಾಕೆ ಓದಿದಿರಿ ಎಂದು.

"ಉಳಿದ ನಾಲ್ಕು ಕೆಲಸಕ್ಕೆ ಕಾಯ್ತಿರೋ ಮಕ್ಕಳಿದ್ದಾರಲ್ಲ. ನನ್ನಿಂದ ಅವರು ಇನ್ನೊಂದು ಸೆಮಿಸ್ಟರ್ ಯಾಕೆ ಕಾಯ್ಬೇಕು?"

ನಾಲ್ಕನ್ನು ಓದಿ ಐದನೆಯದನ್ನು ಬಿಡಬಹುದಿತ್ತಲ್ಲ?

"ಬಿಡಬಹುದಿತ್ತು." ಸ್ವಲ್ಪ ದೂರ ನಡೆದ ಮೇಲೆ ಹೇಳುತ್ತಾರೆ, "ಕರೆಂಟು ಹೋಗಿದೆ ಅಂತ ಗೊತ್ತಾದಾಗ ಖುಷಿ ಆಗಿತ್ತು. ತುಂಬಾನೇ. ಅದನ್ನೂ ಬರ್ಕೊ. ಇಲ್ಲಾಂದ್ರೆ ನನ್ನ ದೊಡ್ಡ ಮನುಷ್ಯಳ ಥರ ಮಾಡಿಬಿಡ್ತೀಯ."

ಕೈಮೈಕನ್ನು ಕ್ರೀಡಾ ಕೋಣೆಯಲ್ಲಿಟ್ಟು ಅವರು ಮೆಟ್ಟಿಲಿನ ಕೆಳಗೆ ಹೋಗುವುದಿಲ್ಲ. ಮೆಟ್ಟಿಲು ಹತ್ತುತ್ತಾರೆ. ಮೇಲೆ ಪ್ರವೇಶಾತಿ ವಿಭಾಗದ ಮುಂದೆ ಅರ್ಧದಲ್ಲಿ ಓದು ಬಿಟ್ಟು ಮತ್ತೆ ಸೇರಲು ಬಂದವರ ಸಾಲಿದೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಮೈಕಕ್ಕ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಯಾರೋ ಒಬ್ಬ, ಮಗನಿಗಾ ಮಗಳಿಗಾ ಎಂದು ವಿಚಾರಿಸುತ್ತಾನೆ. ನಂಗೇ ಎನ್ನುತ್ತಾರೆ. ಅವನು ನಗುತ್ತಾನೆ. ಅವರು ನಗದೇ ಇರುವುದನ್ನು ನೋಡಿ ನಿಲ್ಲಿಸುತ್ತಾನೆ.

"ಹುದ್ದೆ ವಿದ್ಯಾರ್ಥಿಗಳಿಗೆ ಅಂತ ಅಲ್ವಾ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ. "ಇಷ್ಟೇ ವಯಸ್ಸಿನ ವಿದ್ಯಾರ್ಥಿ ಆಗಿರಬೇಕು ಅಂತ ಎಲ್ಲೂ ಓದಿದ ನೆನಪಿಲ್ಲ. ಆ ಹುಡುಗಿ ಓದಲಿ, ನಾನೂ ಓದ್ತೀನಿ. ಯಾರು ಚೆನ್ನಾಗಿ ಓದ್ತಾರೋ ಅವರಿಗೆ ಕೊಡ್ಲಿ. ನಂಗೆ ಸಿಗದಿದ್ರೂ ಬಿಟ್ಟಿದ್ದನ್ನ ಮುಗಿಸಿದ ಹಾಗಾಗುತ್ತೆ."

ಸಾಲು ಕರಗುತ್ತದೆ. ಮೇಜಿನ ಹಿಂದೆ ಗುಮಾಸ್ತೆ ಕೂತಿದ್ದಾರೆ, ಅವರ ಪಕ್ಕದಲ್ಲಿ ಸೂಪರಿಂಟೆಂಡೆಂಟ್ ನಿಂತಿದ್ದಾರೆ. ಅಂಗಳದಲ್ಲಿ ಓದಿದ್ದು ಮೇಲಿನವರೆಗೂ ಕೇಳಿಸಿದೆ ಎಂಬುದು ಅವರ ಮುಖದಲ್ಲಿ ಕಾಣುತ್ತದೆ. ಗುಮಾಸ್ತೆ ಸೂಪರಿಂಟೆಂಡೆಂಟರ ಕಡೆ ನೋಡುತ್ತಾರೆ. ಸೂಪರಿಂಟೆಂಡೆಂಟ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಲು ತೊಡಗುತ್ತಾರೆ.

"ಎರಡನೇ ವರ್ಷದಲ್ಲಿ ಬಿಟ್ಟಿದ್ದೆ ಸರ್," ಎನ್ನುತ್ತಾರೆ ಮೈಕಕ್ಕ. "ಮತ್ತೆ ಸೇರ್ಕೊಳ್ಳೋಕೆ ನಂಗೊಂದು ಅರ್ಜಿ ಕೊಡಿ."