ನನ್ನ ತಮ್ಮ ಕಟ್ಟಿದ ಹಾಡಿನ ಮನೆ

ನನ್ನ ತಮ್ಮ ಉದಯಕುಮಾರನ ತಲೆಯಲ್ಲಿ ಹಾಡು ಬಿಟ್ಟರೆ ಬೇರೇನೂ ಇಲ್ಲ ಎಂದು ನಮ್ಮವ್ವ ಬೈಯುತ್ತಿದ್ದಳು. ಸುಳ್ಳೇನಲ್ಲ. ಆದೋನಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಸಣ್ಣ ಮೊಬೈಲ್ ಅಂಗಡಿ. ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು. ಒಂದು ಕಾಲಕ್ಕೆ ಹಳ್ಳಿಯವರು ಸಂತೆಗೆ ಬಂದರೆ ಅವನ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡೇ ಊರಿಗೆ ಹೋಗುತ್ತಿದ್ದರು. ತುಂಬಿಸಿಕೊಂಡು ಸುಮ್ಮನೆ ಹೋಗುವ ಜನವೇ ಅದು? "ಈ ಹಾಡು ನಮ್ಮ ಲಗ್ನದ ಟ್ರ್ಯಾಕ್ಟರಿನಾಗ ಹಚ್ಚಿದ್ರು", "ಈ ಪಾಟ ಬಂದ್ರ ನಮ್ಮಣ್ಣ ಕುರಿ ಬಿಟ್ಟು ಕುಣೀತಿದ್ದ" ಎಂದು ಒಬ್ಬೊಬ್ಬರದೂ ಒಂದೊಂದು ಪುರಾಣ. ನಾನು ರವಿಕೆ ಕತ್ತರಿಸುತ್ತಾ ಗೊಣಗುತ್ತಿದ್ದೆ. ಇವನು ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಾ ಕೂರುತ್ತಿದ್ದ.

ಆಮೇಲೆ ಹಾಡು ಎಲ್ಲರ ಫೋನಿಗೂ ತಾನಾಗಿಯೇ ಬರತೊಡಗಿತು. ಮೆಮೊರಿ ಕಾರ್ಡ್ ಕೇಳುವವರು ಇಲ್ಲವಾದರು. ಕವರು, ಚಾರ್ಜರು ಮಾರಿಕೊಂಡು ತೆಪ್ಪಗಿರಬಹುದಿತ್ತಲ್ಲ ಮಹಾರಾಯ!

"ಹಾಡು ಹೋದ್ರ ಹೋಗ್ಲಿ ಅಕ್ಕಾ. ಆ ಜನ ಹೇಳ್ತಿದ್ದ ಮಾತು ಎಲ್ಲಿ ಹೋತು?" ಎಂದ.

"ಎಲ್ಲಿ ಹೋಗ್ತಾವ? ಅವರ ಬಾಯಾಗ ಅದಾವ," ಎಂದೆ ನಾನು.

ಕೇಳುವವನಲ್ಲ. ವಿಡಿಯೋ ನೋಡಿ ನೋಡಿ ಕಲಿತು ಒಂದು ಆ್ಯಪ್ ಮಾಡಿದ. ಹೆಸರು 'ಹಾಡಿನ ಮನೆ'. ಹಾಡನ್ನೋ ಸಿನಿಮಾವನ್ನೋ ಆರಿಸಿಕೊಂಡು, ಅದರ ಜೊತೆಗಿರುವ ನಿಮ್ಮ ನೆನಪನ್ನು ನಿಮ್ಮ ದನಿಯಲ್ಲೇ ಹೇಳುವುದು. ನಿಮ್ಮವರ ಫೋನಿನಲ್ಲಿ ಅದು ಕೇಳುತ್ತದೆ. ಅಕ್ಷರ ಬರಬೇಕಿಲ್ಲ, ತೆಲುಗು ಕನ್ನಡ ಹೇಗೆ ಕಲಸಿದರೂ ನಡೆಯುತ್ತದೆ. ಪತ್ತಿಕೊಂಡ, ಗೋನೆಗಂಡ್ಲ, ಪೆದ್ದಕಡುಬೂರು ಎಂದು ಬೈಕಿನಲ್ಲಿ ತಿರುಗಿ ಕಟ್ಟೆಯ ಮೇಲೆ ಕೂತವರ ಕೈಯಲ್ಲಿ ಮಾತಾಡಿಸಿದ. ಜನ ನಕ್ಕರು, ಅತ್ತರು, ಇವನ ಬೆನ್ನು ತಟ್ಟಿದರು. ನನಗೂ ಒಳಗೊಳಗೇ ಹೆಮ್ಮೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮೊದಲು ಸ್ವಲ್ಪ ಗದ್ದಲವಾಯಿತು. ಒಬ್ಬಳು ಮದುವೆಗೆ ಮುಂಚೆ ಹೇಳಿಟ್ಟ ನೆನಪೊಂದು ಅವಳ ಗಂಡನ ಮನೆಯವರ ಕಿವಿಗೆ ಬಿದ್ದು ರಂಪವಾಯಿತು. ಉದಯ ಹೆದರಿಬಿಟ್ಟ. ಒಂದು ಕಡೆ ಅಳಿಸಿದರೆ ಎಲ್ಲ ಫೋನುಗಳಿಂದಲೂ ಅಳಿಯಬೇಕು, ತನ್ನ ಹತ್ತಿರವೂ ನಕಲು ಇರಬಾರದು ಎಂದು ನಿಯಮ ಮಾಡಿದ. ಯಾರು ಅಳಿಸಬಹುದು? ಹೇಳಿದವರು, ಇಲ್ಲವೇ ಅವರ ಮನೆಯವರು. ಮನೆ ಎಂದರೆ ಯಾವುದು? ಅದಕ್ಕೆ ಅವನು ರೇಷನ್ ಕಾರ್ಡಿನ ದಾರಿಯನ್ನೇ ಹಿಡಿದ. ಹುಡುಗಿಗೆ ಮದುವೆಯಾದರೆ ತವರಿನ ಕಾರ್ಡಿನಿಂದ ಹೆಸರು ತೆಗೆದು ಗಂಡನ ಕಾರ್ಡಿಗೆ ಹಾಕುತ್ತಾರಲ್ಲ, ಹಾಗೆ ಅವಳು ಹೇಳಿದ ನೆನಪುಗಳೂ ಗಂಡನ ಮನೆಯ ಪಾಲಾಗುತ್ತಿದ್ದವು. ತವರಿನವರು ಕೇಳಬಹುದು, ಕೈಹಾಕುವಂತಿಲ್ಲ. ಇದನ್ನು ಅವನು ನನಗೆ ತೋರಿಸಿಯೇ ಮಾಡಿದ. ನಾನೂ ಮದುವೆಯಾಗಿ ಇನ್ನೊಂದು ಮನೆ ಸೇರಿದವಳೇ. ನನಗೂ ಅದು ಸರಿಯಾಗಿಯೇ ಕಂಡಿತು.

ಪೆದ್ದಕಡುಬೂರಿನ ಬಸವಕ್ಕನಿಗೆ ಒಬ್ಬಳೇ ಮಗಳು, ಹಾರಿಕಾ. ಪತ್ತಿಕೊಂಡದ ಸೂರಿಗೆ ಕೊಟ್ಟಿದ್ದರು. ಆ ಹುಡುಗಿ ಒಂದೇ ಒಂದು ನೆನಪು ಹೇಳಿದ್ದಳು. ಹತ್ತಿ ಬಿಡಿಸಿದ ಕೂಲಿಯಲ್ಲಿ ತಾಯಿ ಮಗಳು ಆದೋನಿಗೆ ಬಂದು ಸಿನಿಮಾ ನೋಡಿದ್ದು. ಬಸವಕ್ಕ ಟಾಕೀಸಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ತೆರೆಯ ಮೇಲೆ ಹೀರೋಯಿನ್ ಅಳುತ್ತಾ ಹಾಡತೊಡಗಿದಾಗ ಇವಳು ಎದ್ದುನಿಂತು, "ಅಳಬ್ಯಾಡ ನನ್ನವ್ವ, ಅಂವ ಬರ್ತಾನ," ಎಂದು ಕೂಗಿದಳಂತೆ. ಇಡೀ ಟಾಕೀಸು ನಕ್ಕಿತಂತೆ. "ಎಲ್ಲಾರಕಿಂತ ನಾನ ಜಾಸ್ತಿ ನಕ್ಕೆ" ಎನ್ನುತ್ತಾ ಹಾರಿಕಾ ನಗಲು ಶುರುಮಾಡಿ, ಹಾಡಿನ ಸಾಲು ಹೇಳಲು ಹೋಗಿ ಆಗದೆ, ಮತ್ತೆ ನಗುತ್ತಿದ್ದಳು. ಅದನ್ನು ಕೇಳಿದರೆ ಎಂಥ ಸಿಡುಕು ಮೋರೆಯೂ ಸಡಿಲವಾಗುತ್ತಿತ್ತು. ನಂದೂ ಆಯಿತು.

ಹೋದ ಮಳೆಗಾಲ ಆ ಹುಡುಗಿಗೆ ಜ್ವರ ಬಂತು. ಕರ್ನೂಲಿಗೆ ಒಯ್ಯುವಷ್ಟರಲ್ಲಿ ಮುಗಿದುಹೋಯಿತು.

ಬಸವಕ್ಕ ಅಂದಿನಿಂದ ಆ ನಗು ಕೇಳಿಯೇ ರೊಟ್ಟಿ ಮುರಿಯುತ್ತಿದ್ದಳು. ಸಂತೆಗೆ ಬಂದರೆ ಉದಯನ ಕೈ ಹಿಡಿದು, "ನೀ ತಣ್ಣಗಿರಪ್ಪಾ, ನನ್ನ ಮಗಳನ್ನ ಇಟ್ಟುಕೊಟ್ಟಿ," ಎನ್ನುತ್ತಿದ್ದಳು. ಅವನಿಗೆ ಅದಕ್ಕಿಂತ ದೊಡ್ಡ ಸಂಬಳ ಬೇಡವಾಗಿತ್ತು.

ಯುಗಾದಿಯ ನಂತರ ಒಂದು ಮಧ್ಯಾಹ್ನ ಫೋನು ಹಿಡಿದು ಬಂದಳು. "ಇದು ಕೆಟ್ಟೈತಿ ನೋಡಪ್ಪಾ, ಒತ್ತಿದ್ರ ಹಾರಿಕಾ ಮಾತಾಡವಲ್ಲಳು."

ಉದಯ ನೋಡಿದ. ಫೋನು ಕೆಟ್ಟಿರಲಿಲ್ಲ, ಆ ನೆನಪೇ ಇರಲಿಲ್ಲ. ತಕ್ಷಣ ಸೂರಿಗೆ ಫೋನು ಹಚ್ಚಿದ. ಸೂರಿ ಕೆಟ್ಟವನಲ್ಲ. ಅವನಿಗೆ ಎರಡನೇ ಸಂಬಂಧ ಕುದುರಿತ್ತು. ಸತ್ತವಳ ಸೀರೆ, ಫೋಟೋ ಎಲ್ಲ ತೆಗೆದ ಮೇಲೆ ಹೊಸ ಹೆಣ್ಣಿನ ಕಡೆಯವರು ಫೋನಿನಲ್ಲಿದ್ದ ದನಿಯ ಸುದ್ದಿ ಎತ್ತಿದ್ದರು. ದನಿ ಉಳಿದರೆ ಸತ್ತವಳು ಮನೆ ಬಿಟ್ಟು ಹೋಗುವುದಿಲ್ಲ ಎಂದು ಅವನ ತಾಯಿಗೂ ಭಯ.

"ಅಳಿಸಿಬಿಟ್ಟೆ ಅಣ್ಣಾ. ಅತ್ತಿ ಫೋನ್ನಾಗ ಹಂಗ ಇರ್ತೈತಿ ಅನ್ಕೊಂಡೆ. ನಿಜಂಗಾ ಅಣ್ಣಾ, ನಂಗೊತ್ತಿಲ್ಲ," ಎಂದು ಸೂರಿ ಅಳುತ್ತಿದ್ದ. ನಮಗೆಲ್ಲ ಕೇಳಿಸಿತು.

"ಆತು, ಅಂವ ಅಳಿಸಿದ. ನೀನ ಕಟ್ಟಿದ್ದಲ್ಲಪ್ಪಾ ಇದನ್ನ? ನೀನ ತಂದು ಕೊಡು," ಎಂದಳು ಬಸವಕ್ಕ.

"ನನ್ನ ಹತ್ರ ಇಲ್ಲ ಬಸವಕ್ಕಾ. ಎಲ್ಲೂ ಇಲ್ಲ."

ಅವಳಿಗೆ ಅದು ತಲೆಗೆ ಹೋಗಲಿಲ್ಲ. "ಒಂದು ಸಲ ಸಾಕು. ಪೂರಾ ಬ್ಯಾಡ, ನಗೂದಷ್ಟ ಕೇಳಿಸು," ಎಂದು ಕೈ ಮುಗಿದಳು. ಅವಳು ಫೋನನ್ನೇ ತಿರುವಿ ನೋಡಿ, ಹಾರಿಕಾಳ ಫೋಟೋದ ಕೆಳಗಿದ್ದ ಮನೆಯವರ ಸಣ್ಣ ಫೋಟೋಗಳಲ್ಲಿ ಒಂದರ ಮೇಲೆ ಬೆರಳಿಟ್ಟಳು. "ಈ ಫೋಟೋ ನಂದಲ್ಲ? ಕೆಳಗ ಏನು ಬರದಿ?"

ಅವನು ಫೋನಿನಿಂದ ಕಣ್ಣು ತೆಗೆದ. ಅವಳು ನನ್ನ ಕಡೆ ತಿರುಗಿ, "ನೀನರ ಓದವ್ವಾ," ಎಂದಳು.

ನಾನು ಓದಿದೆ. "ಅತಿಥಿ."

"ಅಂದ್ರ?"

"ಬಂದು ಹೋಗೋರು. ಬೀಗರು ನೆಂಟ್ರು."

ಅವಳು ಬೈಯಲಿಲ್ಲ. ಬೈದಿದ್ದರೆ ನಮಗೆ ಒಳ್ಳೆಯದಾಗುತ್ತಿತ್ತು. "ಹಡದಾಕಿ ನಾನು," ಎಂದಳು, ಅಷ್ಟೇ.

ಉದಯ ಗಡಿಬಿಡಿಯಲ್ಲಿ ಮೈಕು ಎಳೆದುಕೊಂಡ. "ಬಸವಕ್ಕಾ, ಆ ಟಾಕೀಸಿನ ಮಾತು ನಿನಗ ನೆನಪೈತಿ. ನೀನ ಹೇಳು. ನಿನ್ನ ದನಿಯಾಗ ಹಾಕ್ತೀನಿ. ಯಾರೂ ಅಳಿಸಾಕ ಬರದಂಗ ಮಾಡ್ತೀನಿ, ಆಣಿ ಮಾಡಿ ಹೇಳ್ತೀನಿ."

ಅವಳು ಮೈಕಿನ ಕಡೆ ನೋಡಿದಳು, ಆಮೇಲೆ ಅವನ ಕಡೆ.

"ನನ್ನ ದನಿ ನಾನು ಕೇಳಿ ಏನು ಮಾಡ್ಲಪ್ಪಾ?"

ಫೋನು ಸೆರಗಿಗೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.